ತೆಪ್ಪದ ಆಂಟೆನಾ, ಹೊನ್ನಿನ ಕನ್ನಡಿ

2022ರಲ್ಲಿ ವಿಶ್ವದ ಶೈಶವದ ಬಗ್ಗೆ ಎರಡು ಸುದ್ದಿಗಳು ಬಂದವು. ಜುಲೈ ತಿಂಗಳಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಮೊದಲ ಚಿತ್ರಗಳು ಹೊರಬಿದ್ದವು. ಅವನ್ನು ನೋಡದವರು ಕಡಿಮೆ. ಅದಕ್ಕೂ ಮೊದಲು, ಫೆಬ್ರುವರಿ ಕೊನೆಯಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡದ ಒಂದು ಪ್ರಬಂಧ ‘ನೇಚರ್ ಅಸ್ಟ್ರಾನಮಿ’ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅದನ್ನು ಗಮನಿಸಿದವರು ಕಡಿಮೆ.

ವೆಬ್‌ಗೆ ಖರ್ಚಾದದ್ದು ಸುಮಾರು 1,000 ಕೋಟಿ ಡಾಲರ್. ಅದು ಇರುವುದು ಭೂಮಿಯಿಂದ 15 ಲಕ್ಷ ಕಿಲೊಮೀಟರ್ ದೂರದಲ್ಲಿ. ರಾಮನ್ ಸಂಸ್ಥೆಯ ‘ಸಾರಸ್-3’ ಎಂಬ ರೇಡಿಯೊ ಉಪಕರಣ 2020ರ ಆರಂಭದಲ್ಲಿ ತೆಪ್ಪದ ಮೇಲೆ ಕೂತು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿತ್ತು. ಎರಡೂ ಅರಸುತ್ತಿದ್ದದ್ದು ಒಂದೇ ಕಾಲವನ್ನು: ಮಹಾಸ್ಫೋಟದ ನಂತರ ಕತ್ತಲೆ ಕವಿದಿದ್ದ ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲವನ್ನು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಖಗೋಳ ವಿಜ್ಞಾನಿಗಳ ನಡುವೆಯೇ ದಶಕಗಳಿಂದ ನಡೆದಿರುವ ಒಂದು ವಾದ ಸ್ಪಷ್ಟವಾಗುತ್ತದೆ. ಇದ್ದಬದ್ದ ಹಣವನ್ನೆಲ್ಲ ಕೂಡಿಸಿ ಒಂದು ಮಹಾಯಂತ್ರವನ್ನು ಬಾಹ್ಯಾಕಾಶಕ್ಕೆ ಕಳಿಸಬೇಕೇ? ಅಥವಾ ಅದೇ ಹಣದಲ್ಲಿ ನೆಲದ ಮೇಲೆ ದೊಡ್ಡವನ್ನೂ ಆಕಾಶದಲ್ಲಿ ಚಿಕ್ಕವನ್ನೂ ಹಲವು ಸಂಖ್ಯೆಯಲ್ಲಿ ಕಟ್ಟಬೇಕೇ? ಈ ಪ್ರಶ್ನೆ ಅಮೆರಿಕ, ಯುರೋಪುಗಳದ್ದು ಮಾತ್ರ ಎಂದು ನಾವು ಸುಮ್ಮನಿರುವಂತಿಲ್ಲ. ಭಾರತವೂ ಈಗ ಇದಕ್ಕೆ ಉತ್ತರ ಹೇಳಬೇಕಾದ ಹಂತಕ್ಕೆ ಬಂದಿದೆ.

ಬಾಹ್ಯಾಕಾಶದ ಪರವಾದ ವಾದ ಸರಳವಾದದ್ದು, ಅದನ್ನು ಅಲುಗಾಡಿಸುವುದು ಕಷ್ಟ. ನಮ್ಮ ತಲೆಯ ಮೇಲಿನ ಗಾಳಿ ನಮ್ಮನ್ನು ಬದುಕಿಸಿದೆ. ಆದರೆ ಆಕಾಶದಿಂದ ಬರುವ ಬೆಳಕಿನಲ್ಲಿ ಹೆಚ್ಚಿನ ಪಾಲನ್ನು ಅದು ತಡೆಯುತ್ತದೆ. ಕ್ಷ-ಕಿರಣ ನೆಲ ಮುಟ್ಟುವುದೇ ಇಲ್ಲ. ಅತಿನೇರಳೆ ಬೆಳಕನ್ನು ಬಹುಮಟ್ಟಿಗೆ ಓಜೋನ್ ಹೀರಿಕೊಳ್ಳುತ್ತದೆ. ಅವಕೆಂಪು ಬೆಳಕಿಗೆ ನೀರಾವಿ ಅಡ್ಡ ನಿಲ್ಲುತ್ತದೆ. ಸಾಲದ್ದಕ್ಕೆ ಬೆಚ್ಚಗಿನ ಗಾಳಿ ತಾನೇ ಅವಕೆಂಪಿನಲ್ಲಿ ಹೊಳೆಯುತ್ತದೆ. ವಿಶ್ವ ಹಿಗ್ಗುತ್ತಿರುವುದರಿಂದ ಅತಿ ದೂರದ, ಅಂದರೆ ಅತಿ ಹಳೆಯ, ಬೆಳಕಿನ ಅಲೆಗಳು ಎಳೆದಂತಾಗಿ ಉದ್ದವಾಗುತ್ತವೆ. ಹೊರಡುವಾಗ ಅತಿನೇರಳೆಯಾಗಿದ್ದ ಬೆಳಕು ನಮ್ಮನ್ನು ತಲುಪುವಾಗ ಅವಕೆಂಪಾಗಿರುತ್ತದೆ. ಮೊದಲ ಗ್ಯಾಲಕ್ಸಿಗಳನ್ನು ಕಾಣಬೇಕಾದರೆ ಗಾಳಿಯನ್ನು ದಾಟಲೇಬೇಕು, ಮೇಲಾಗಿ ಯಂತ್ರವನ್ನು ತಣ್ಣಗಿಡಲೇಬೇಕು. ವೆಬ್‌ನ 6.5 ಮೀಟರ್ ಕನ್ನಡಿ ಬೆರಿಲಿಯಂನ 18 ಷಟ್ಕೋನಗಳಿಂದ ಆಗಿದೆ, ಅದರ ಮೇಲೆ ಚಿನ್ನದ ಲೇಪವಿದೆ. ಟೆನಿಸ್ ಅಂಗಣದಷ್ಟು ದೊಡ್ಡ ಐದು ಪದರಗಳ ಮರೆ ಅದನ್ನು ಸೂರ್ಯನ ಬಿಸಿಯಿಂದ ಕಾಯುತ್ತದೆ. ಮರೆಯ ನೆರಳಿನಲ್ಲಿ ಕನ್ನಡಿ ಮೈನಸ್ 220 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅದರ ಒಂದು ಉಪಕರಣವನ್ನಂತೂ ಮೈನಸ್ 266 ಡಿಗ್ರಿಯಲ್ಲಿ ಇಡಲಾಗಿದೆ. ಇಂಥ ಚಳಿಯನ್ನು ಭೂಮಿಯ ಯಾವ ಪರ್ವತವೂ ಕೊಡಲಾರದು.

ನೋಡುವುದಕ್ಕೆ ಮೊದಲು ಏನು ಕಾಣುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು ಎಂಬುದು ಇದೇ ಪಕ್ಷದ ಇನ್ನೊಂದು ವಾದ. ಅದಕ್ಕೆ ಹಬಲ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. 1990ರಲ್ಲಿ ಹಾರಿದ ಹಬಲ್‌ನ 2.4 ಮೀಟರ್ ಕನ್ನಡಿಯ ಅಂಚು 2.2 ಮೈಕ್ರಾನಿನಷ್ಟು ಹೆಚ್ಚು ಚಪ್ಪಟೆಯಾಗಿ, ಚಿತ್ರಗಳೆಲ್ಲ ಮಸುಕಾದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಿದರು. ಎರಡು ವರ್ಷದ ನಂತರ, ಹಬಲ್ ವಿಜ್ಞಾನ ಸಂಸ್ಥೆಯ ನಿರ್ದೇಶಕ ರಾಬರ್ಟ್ ವಿಲಿಯಮ್ಸ್ ತಮ್ಮ ವಿವೇಚನೆಗೆ ಬಿಟ್ಟ ಸಮಯವನ್ನೆಲ್ಲ ಸಪ್ತರ್ಷಿಮಂಡಲದ ಒಂದು ಖಾಲಿ ಮೂಲೆಗೆ ಕೊಟ್ಟರು. ಹುಣ್ಣಿಮೆ ಚಂದ್ರನ ಅಗಲದ ಹನ್ನೆರಡನೇ ಒಂದು ಪಾಲಿನಷ್ಟು ಜಾಗ ಅದು. ಹತ್ತು ದಿನ, 342 ಚಿತ್ರ. ಹಾಗೆ ದಿಟ್ಟಿಸಿದರೆ ಹೊಸದಾಗಿ ಹೆಚ್ಚೇನೂ ಸಿಗದು ಎಂದು ಹೇಳಿದವರಲ್ಲಿ ಜಾನ್ ಬಾಕಾಲ್ ಕೂಡ ಇದ್ದರು. ಹಬಲ್ ಹಾರಬೇಕೆಂದು ವರ್ಷಗಟ್ಟಲೆ ಹೋರಾಡಿದವರಲ್ಲಿ ಅವರೇ ಪ್ರಮುಖರು. ಆ ಖಾಲಿ ಮೂಲೆಯಲ್ಲಿ ಸುಮಾರು 3,000 ಗ್ಯಾಲಕ್ಸಿಗಳು ಕಂಡವು. ಇಪ್ಪತ್ತನೆಯ ಶತಮಾನದ ವಿಜ್ಞಾನ ಮನುಷ್ಯನಿಗೆ ಕೊಟ್ಟ ಚಿತ್ರಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ ಎಂದೇ ನಾನು ನಂಬಿದ್ದೇನೆ.

ವೆಬ್ ಅದೇ ದಾರಿಯಲ್ಲಿ ಮುಂದೆ ಹೋಗಿದೆ. 2024ರಲ್ಲಿ ಅದು ಗುರುತಿಸಿದ ‘ಜೇಡ್ಸ್-ಜಿಎಸ್-ಝಡ್14-0’ ಎಂಬ ಗ್ಯಾಲಕ್ಸಿಯ ಬೆಳಕು, 1,380 ಕೋಟಿ ವರ್ಷ ವಯಸ್ಸಿನ ವಿಶ್ವ ಇನ್ನೂ 30 ಕೋಟಿ ವರ್ಷದ್ದಾಗಿದ್ದಾಗ ಹೊರಟದ್ದು. ಅಷ್ಟು ಬೇಗ ಅಷ್ಟು ಪ್ರಕಾಶಮಾನವಾದ ಗ್ಯಾಲಕ್ಸಿ ರೂಪುಗೊಳ್ಳಬಹುದೆಂದು ಲೆಕ್ಕಾಚಾರಗಳು ಹೇಳಿರಲಿಲ್ಲ. ಹಾಗೆಯೇ ‘ವಾಸ್ಪ್-39ಬಿ’ ಎಂಬ ದೂರದ ಗ್ರಹದ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೆಂದು ವೆಬ್ 2022ರಲ್ಲೇ ಸ್ಪಷ್ಟವಾಗಿ ತೋರಿಸಿತು. ಜನ ಮೆಚ್ಚಿದ್ದು ಬಣ್ಣದ ನೀಹಾರಿಕೆಗಳನ್ನು. ವಿಜ್ಞಾನಿಗಳಿಗೆ ಅದಕ್ಕಿಂತ ಬೆಲೆಬಾಳುವುದು ಬೆಳಕನ್ನು ಬಿಡಿಸಿ ತೋರಿಸುವ ರೋಹಿತ, ಅಂದರೆ ಏರಿಳಿತದ ಒಂದು ಗೆರೆ. ಆ ಗೆರೆಯಲ್ಲಿಯೇ ಅನಿಲಗಳ ಹೆಸರು, ಉಷ್ಣತೆ, ವೇಗ ಎಲ್ಲ ಬರೆದಿರುತ್ತವೆ.

ಇನ್ನು ಎದುರು ಪಕ್ಷದ ಮಾತು. ಅದನ್ನು ಜಿಪುಣರ ಮಾತೆಂದು ತಳ್ಳಿಹಾಕುವುದು ಅನ್ಯಾಯ. 1990ರ ದಶಕದ ಕೊನೆಯಲ್ಲಿ ವೆಬ್‌ಗೆ ಅಂದಾಜು ಮಾಡಿದ್ದು 50 ಕೋಟಿಯಿಂದ 100 ಕೋಟಿ ಡಾಲರ್. ಹಾರಬೇಕಾದ ವರ್ಷ 2007. ಅದು ನಿಜವಾಗಿ ಹಾರಿದ್ದು 2021ರ ಡಿಸೆಂಬರ್ 25ರಂದು, ಹತ್ತುಪಟ್ಟು ಖರ್ಚಿನ ನಂತರ. ಇಡೀ ಖಗೋಳ ವಿಜ್ಞಾನವನ್ನೇ ನುಂಗುತ್ತಿರುವ ದೂರದರ್ಶಕ ಎಂಬ ಅರ್ಥದ ಶೀರ್ಷಿಕೆಯನ್ನು ‘ನೇಚರ್’ ಪತ್ರಿಕೆ 2010ರಲ್ಲೇ ಕೊಟ್ಟಿತ್ತು. ಮರುವರ್ಷ ಅಮೆರಿಕದ ಜನಪ್ರತಿನಿಧಿ ಸಭೆಯ ಸಮಿತಿಯೊಂದು ಯೋಜನೆಯನ್ನೇ ರದ್ದು ಮಾಡಲು ಮುಂದಾಗಿತ್ತು. ಖರ್ಚಿಗಿಂತ ಹೆಚ್ಚು ನೋಯಿಸುವುದು ಕಾದು ಕೂತ ವರ್ಷಗಳು. ವೆಬ್ ಬರುತ್ತದೆಂದು ನಂಬಿ ವಿದ್ಯಾರ್ಥಿಯಾಗಿ ಸೇರಿದವರು ಪ್ರಾಧ್ಯಾಪಕರಾದ ಮೇಲೆ ಅದು ಹಾರಿತು. ಒಂದು ದೊಡ್ಡ ಯೋಜನೆ ಉಬ್ಬಿದಾಗ ಪಕ್ಕದ ಚಿಕ್ಕ ಯೋಜನೆಗಳು ಸದ್ದಿಲ್ಲದೆ ಮುಂದೂಡಲ್ಪಡುತ್ತವೆ. ಅವುಗಳ ಹೆಸರು ಯಾವ ಲೆಕ್ಕಪತ್ರದಲ್ಲೂ ನಷ್ಟವೆಂದು ಬರುವುದಿಲ್ಲ.

ಅಪಾಯವೂ ಒಂದೇ ಕಡೆ ಕೂಡಿಬೀಳುತ್ತದೆ. ವೆಬ್ ಮಡಿಸಿಕೊಂಡು ಹೋಗಿ ಆಕಾಶದಲ್ಲಿ ಬಿಚ್ಚಿಕೊಳ್ಳಬೇಕಿತ್ತು. ಒಂದು ಕೆಟ್ಟರೂ ಎಲ್ಲವೂ ಕೆಡಬಹುದಾದ ಜಾಗಗಳು ಅದರಲ್ಲಿ 344 ಇದ್ದವು. ಹಬಲ್‌ಗೆ ಐದು ಬಾರಿ ರಿಪೇರಿ ಸಿಕ್ಕಿತು. ವೆಬ್ ಇರುವ ಜಾಗಕ್ಕೆ ಯಾರೂ ಹೋಗುವಂತಿಲ್ಲ. ಎಲ್ಲವೂ ಸುಸೂತ್ರವಾಗಿ ನಡೆಯಿತು ನಿಜ. ಅಷ್ಟು ಮಾತ್ರಕ್ಕೆ ಆ ಪಣ ವಿವೇಕದ್ದಾಗಿತ್ತು ಎಂದು ಹಿಂದಿನಿಂದ ತೀರ್ಮಾನಿಸುವುದು ಸರಿಯಲ್ಲ.

ಯಂತ್ರ ಒಂದೇ ಆದಾಗ ಕಾಯುವವರ ಸಾಲೂ ಬೆಳೆಯುತ್ತದೆ. ವೆಬ್‌ನ ನಾಲ್ಕನೆಯ ಸುತ್ತಿಗೆ 2,377 ಅರ್ಜಿಗಳು ಬಂದವು. ಸಿಗುವ ಪ್ರತಿ ಒಂದು ಗಂಟೆಗೆ ಸುಮಾರು ಒಂಬತ್ತು ಗಂಟೆಯ ಬೇಡಿಕೆ. ಹೊಸ ಯಂತ್ರಗಳ ಭಾರ ಹಳೆಯವುಗಳ ಮೇಲೂ ಬೀಳುತ್ತದೆ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ‘ಚಂದ್ರ’ ಕ್ಷ-ಕಿರಣ ದೂರದರ್ಶಕ 1999ರಿಂದ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಹಾಗಿದ್ದೂ 2024ರಲ್ಲಿ ನಾಸಾ ಅದರ ವಾರ್ಷಿಕ ವೆಚ್ಚವನ್ನು ಶೇ 40ರಷ್ಟು ಇಳಿಸುವ ಪ್ರಸ್ತಾವ ಮುಂದಿಟ್ಟಿತು. ಅಷ್ಟು ಸೂಕ್ಷ್ಮವಾಗಿ ಕ್ಷ-ಕಿರಣದ ಚಿತ್ರ ತೆಗೆಯಬಲ್ಲ ಇನ್ನೊಂದು ಕಣ್ಣು ಮನುಷ್ಯರ ಬಳಿ ಇಲ್ಲ.

ನೆಲದ ದೂರದರ್ಶಕಗಳ ಸಾಧನೆಯನ್ನು ಮರೆತು ಈ ಚರ್ಚೆ ಮಾಡುವವರೇ ಹೆಚ್ಚು. ಸೂರ್ಯನಂಥ ನಕ್ಷತ್ರವನ್ನು ಸುತ್ತುವ ಮೊದಲ ಅನ್ಯಗ್ರಹ 1995ರಲ್ಲಿ ಸಿಕ್ಕಿದ್ದು ಫ್ರಾನ್ಸಿನ ಓಟ್-ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕದಲ್ಲಿ. ಅದಕ್ಕೆ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೊ 2019ರಲ್ಲಿ ನೊಬೆಲ್ ಪಡೆದರು. ಕಪ್ಪುಕುಳಿಯ ನೆರಳನ್ನು 2019ರಲ್ಲಿ ತೋರಿಸಿದ್ದು ನೆಲದ ರೇಡಿಯೊ ತಟ್ಟೆಗಳ ಜಾಲ. ಯುರೇನಸ್ ಗ್ರಹದ ಉಂಗುರಗಳು 1977ರ ಮಾರ್ಚಿನಲ್ಲಿ ಪತ್ತೆಯಾದ ರಾತ್ರಿ ತಮಿಳುನಾಡಿನ ಕಾವಲೂರಿನ ಒಂದು ಮೀಟರ್ ದೂರದರ್ಶಕವೂ ಆ ಘಟನೆಯನ್ನು ದಾಖಲಿಸಿತ್ತು. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ 3,200 ಮೆಗಾಪಿಕ್ಸೆಲ್ ಕ್ಯಾಮೆರಾದ ಮೊದಲ ಚಿತ್ರಗಳನ್ನು ಕೊಟ್ಟಿತು. ಅದೇ ದೇಶದಲ್ಲಿ ಏಳುತ್ತಿರುವ ಯುರೋಪಿನ ಬೃಹತ್ ದೂರದರ್ಶಕದ ಕನ್ನಡಿ 39 ಮೀಟರ್. ಅಷ್ಟು ದೊಡ್ಡ ಕನ್ನಡಿಯನ್ನು ಹೊತ್ತೊಯ್ಯುವ ರಾಕೆಟ್ ಎಲ್ಲೂ ಇಲ್ಲ. ಅದರ ಅಂದಾಜು ವೆಚ್ಚವಾದರೋ ಸುಮಾರು 150 ಕೋಟಿ ಯೂರೊ, ವೆಬ್‌ನ ಆರನೇ ಒಂದು ಪಾಲಿಗೆ ಹತ್ತಿರ. ಗಾಳಿಯ ನಡುಕವನ್ನು ಲೇಸರ್‌ನಿಂದ ಅಳೆದು, ಕನ್ನಡಿಯನ್ನೇ ಕ್ಷಣಕ್ಷಣಕ್ಕೂ ಬಾಗಿಸಿ ಸರಿಪಡಿಸುವ ವಿದ್ಯೆಯೂ ಪಳಗಿದೆ. ನೆಲದ ದೂರದರ್ಶಕಕ್ಕೆ ಹೊಸ ಕ್ಯಾಮೆರಾ ಹಾಕಬಹುದು, ಕೆಟ್ಟದ್ದನ್ನು ಬೆಳಗಾಗುವುದರೊಳಗೆ ರಿಪೇರಿ ಮಾಡಬಹುದು. ವಿದ್ಯಾರ್ಥಿ ತನ್ನ ಕೈಯಾರೆ ಅದನ್ನು ತಿರುಗಿಸಿ ಕಲಿಯಬಹುದು. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ.

ಈ ಇಡೀ ವಾದದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಬೇರೊಂದು ವಿಷಯ: ಒಂದು ಯಂತ್ರ ಹೇಳಿದ್ದನ್ನು ಪರೀಕ್ಷಿಸುವವರು ಯಾರು? ತೆಪ್ಪದ ಆಂಟೆನಾ ಮಾಡಿದ್ದು ಇದೇ ಕೆಲಸ. 2018ರಲ್ಲಿ ‘ಎಡ್ಜಸ್’ ಎಂಬ ತಂಡ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯಿಂದ ದೊಡ್ಡ ಸುದ್ದಿ ಕೊಟ್ಟಿತ್ತು. ಮಹಾಸ್ಫೋಟದ ಸುಮಾರು 18 ಕೋಟಿ ವರ್ಷಗಳ ನಂತರ ಮೊದಲ ನಕ್ಷತ್ರಗಳು ಜಲಜನಕದ ಮೇಲೆ ಬಿಟ್ಟ ಗುರುತು 78 ಮೆಗಾಹರ್ಟ್ಸ್ ಸುತ್ತ ಸಿಕ್ಕಿದೆ ಎಂದಿತು. ಆ ಗುರುತು ನಿರೀಕ್ಷೆಯ ಎರಡು ಪಟ್ಟಿಗಿಂತ ಆಳವಾಗಿತ್ತು. ಅದನ್ನು ವಿವರಿಸಲು ಹೊಸ ಭೌತವಿಜ್ಞಾನವೇ ಬೇಕೆಂದು ಪ್ರಬಂಧಗಳ ಮೇಲೆ ಪ್ರಬಂಧಗಳು ಬಂದವು. ರಾಮನ್ ಸಂಸ್ಥೆಯವರು ಯೋಚಿಸಿದ್ದು ಆಂಟೆನಾದ ಕೆಳಗಿನ ನೆಲದ ಬಗ್ಗೆ. ಮಣ್ಣು ಪದರಪದರವಾಗಿರುತ್ತದೆ, ಅಲ್ಲಿಂದ ಮರಳಿ ಬರುವ ಅಲೆಗಳು ಅಳತೆಯನ್ನು ಕೆಡಿಸಬಹುದು. ನೀರು ಎಲ್ಲ ಕಡೆ ಒಂದೇ ಸಮ. ಆದ್ದರಿಂದ ಕೆರೆ, ಆದ್ದರಿಂದ ತೆಪ್ಪ. ಎಡ್ಜಸ್ ಹೇಳಿದ ಗುರುತು ಅಲ್ಲಿ ಸಿಗಲಿಲ್ಲ, ಶೇ 95.3ರ ವಿಶ್ವಾಸದಲ್ಲಿ ಅದನ್ನು ತಳ್ಳಿಹಾಕಿದರು. ಎಫ್‌ಎಂ ರೇಡಿಯೊ ಗದ್ದಲದಿಂದ ದೂರವಾದ ಒಂದು ನೀರಿನ ಹರವು, ಎಚ್ಚರದಿಂದ ಕಟ್ಟಿದ ಒಂದು ಉಪಕರಣ, ತಾಳ್ಮೆ: ಇಷ್ಟರಿಂದ ಜಗತ್ತಿನ ಒಂದು ದೊಡ್ಡ ಘೋಷಣೆಯನ್ನು ಪ್ರಶ್ನಿಸಲು ಸಾಧ್ಯವಾಯಿತು.

ಇದಕ್ಕೆ ಎದುರಾಗಿ ‘ಕೆ2-18ಬಿ’ ಗ್ರಹದ ಕಥೆ ನೋಡಿ. 124 ಜ್ಯೋತಿರ್ವರ್ಷ ದೂರದ ಆ ಗ್ರಹದಲ್ಲಿ ಡೈಮೀಥೈಲ್ ಸಲ್ಫೈಡ್‌ನ ಸುಳಿವಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ವೆಬ್‌ನ ಅಳತೆಗಳನ್ನಿಟ್ಟುಕೊಂಡು 2025ರಲ್ಲಿ ಹೇಳಿತು. ಭೂಮಿಯಲ್ಲಿ ಈ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮಜೀವಿಗಳಿಂದ ಬರುವಂಥದ್ದು. ಹೀಗಾಗಿ ಜೀವ ಸಿಕ್ಕೇಬಿಟ್ಟಿತು ಎಂಬಂತೆ ಸುದ್ದಿ ಹಬ್ಬಿತು. ಅದೇ ಅಳತೆಗಳನ್ನು ಬೇರೆಯಾಗಿ ವಿಶ್ಲೇಷಿಸಿದ ಇತರರು ಆ ಸುಳಿವು ಅಷ್ಟು ಗಟ್ಟಿಯಲ್ಲ ಎಂದರು. ತಂಡವೇ ಇನ್ನಷ್ಟು ವೀಕ್ಷಣೆ ಬೇಕೆಂದು ಒಪ್ಪಿತ್ತು. ಇಲ್ಲಿ ತೊಡಕೆಂದರೆ, ಅಷ್ಟು ಕ್ಷೀಣವಾದ ಗುರುತನ್ನು ಕಾಣಬಲ್ಲ ಎರಡನೆಯ ಯಂತ್ರ ಇಂದು ಎಲ್ಲೂ ಇಲ್ಲ. ವೆಬ್ ಹೇಳಿದ್ದನ್ನು ವೆಬ್‌ನಿಂದಲೇ ಪರೀಕ್ಷಿಸಬೇಕು, ಅದೂ ಸಾಲಿನಲ್ಲಿ ನಿಂತು.

ಎರಡನೆಯ ಕಣ್ಣು ಆಕಾಶದಲ್ಲೇ ಇರುವುದೂ ಉಂಟು ಎಂಬುದನ್ನು ಇಲ್ಲಿಯೇ ಹೇಳಬೇಕು. ಹೇಳದಿದ್ದರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ವಿಶ್ವ ಹಿಗ್ಗುವ ವೇಗದ ಬಗ್ಗೆ ದೊಡ್ಡ ಗೊಂದಲವಿದೆ. ವಿಶ್ವದ ಅತ್ಯಂತ ಹಳೆಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದ ಲೆಕ್ಕ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ 67.4 ಕಿಲೊಮೀಟರ್ ಎನ್ನುತ್ತದೆ; ಮಿಡಿಯುವ ಸೆಫೀಡ್ ನಕ್ಷತ್ರಗಳನ್ನು ಹಬಲ್‌ನಿಂದ ಅಳೆದ ಆಡಮ್ ರೀಸ್ ತಂಡದ ಲೆಕ್ಕ 73. ಹಬಲ್‌ನ ಕಣ್ಣಿಗೆ ನೆರೆಯ ನಕ್ಷತ್ರಗಳ ಬೆಳಕು ಬೆರೆತು ಲೆಕ್ಕ ತಪ್ಪಿರಬಹುದೇ ಎಂಬ ಅನುಮಾನವಿತ್ತು. ಇನ್ನೂ ಚುರುಕಾದ ವೆಬ್ ಅದೇ ನಕ್ಷತ್ರಗಳನ್ನು ನೋಡಿ, ಆ ಅನುಮಾನಕ್ಕೆ ಆಧಾರವಿಲ್ಲ ಎಂದು ತೋರಿಸಿತು. ವೆಂಡಿ ಫ್ರೀಡ್‌ಮನ್ ತಂಡಕ್ಕೆ ಅದೇ ವೆಬ್‌ನಿಂದ 70ರ ಸುತ್ತಮುತ್ತ ಬಂದಿದೆ, ಹಾಗಾಗಿ ಗೊಂದಲ ಮುಗಿದಿಲ್ಲ. ಆದರೆ ಹಬಲ್‌ನ ಅಳತೆಯನ್ನು ಪರೀಕ್ಷಿಸಲು ವೆಬ್ ಇಲ್ಲದಿದ್ದರೆ ಚರ್ಚೆ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

ನೆಲ ಮತ್ತು ಆಕಾಶ ಕೈಜೋಡಿಸಿದಾಗ ಸಿಗುವ ಬಲವಂತೂ ಬೇರೆಯೇ. ಮೇಲೆ ಹೇಳಿದ ಆ ದೂರದ ಗ್ಯಾಲಕ್ಸಿಯಲ್ಲಿ ಆಮ್ಲಜನಕ ಇರುವುದನ್ನು 2025ರಲ್ಲಿ ಪತ್ತೆ ಮಾಡಿ, ಅದರ ದೂರವನ್ನು ಇನ್ನಷ್ಟು ನಿಖರಗೊಳಿಸಿದ್ದು ಚಿಲಿಯ ಅಟಕಾಮ ಮರುಭೂಮಿಯಲ್ಲಿ 5,000 ಮೀಟರ್ ಎತ್ತರದಲ್ಲಿರುವ ‘ಅಲ್ಮಾ’ ರೇಡಿಯೊ ದೂರದರ್ಶಕಗಳು. ಎಲ್ಲಿ ನೋಡಬೇಕೆಂದು ವೆಬ್ ತೋರಿಸದಿದ್ದರೆ ಅಲ್ಮಾ ಅದನ್ನು ಹುಡುಕುತ್ತಿರಲಿಲ್ಲ. ಅಲ್ಮಾ ಇಲ್ಲದಿದ್ದರೆ ವೆಬ್‌ನ ಮಾತಿಗೆ ಅಷ್ಟು ತೂಕ ಬರುತ್ತಿರಲಿಲ್ಲ.

ಚಿಕ್ಕದೆಂದರೆ ನೆಲದ ಮೇಲೆಯೇ ಇರಬೇಕೆಂದೂ ಇಲ್ಲ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್‌ಗೆ ತಗುಲಿದ್ದು ಸುಮಾರು 178 ಕೋಟಿ ರೂಪಾಯಿ. ಅದರ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಹೊಸಕೋಟೆ ಕೇಂದ್ರದಲ್ಲಿ. ಎರಡು ಕೊಳವೆಗಳು, ಒಂದೊಂದರ ಕನ್ನಡಿ 38 ಸೆಂಟಿಮೀಟರ್ ಮಾತ್ರ. ಪುಣೆಯ ಖಗೋಳ ಸಂಶೋಧನಾ ಕೇಂದ್ರ ಅಯುಕಾದ ಕನಕ್ ಸಾಹಾ ಅವರ ನೇತೃತ್ವದ ತಂಡ ಆ ಚಿಕ್ಕ ಕಣ್ಣಿನಿಂದಲೇ 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರ ತೀವ್ರ ಅತಿನೇರಳೆ ಬೆಳಕನ್ನು ಹಿಡಿಯಿತು. 2020ರಲ್ಲಿ ಅದು ಪ್ರಕಟವಾಯಿತು. ಹಬಲ್ ಅದನ್ನು ಕಂಡಿರಲಿಲ್ಲ. ಆಸ್ಟ್ರೋಸ್ಯಾಟ್‌ನ ಪತ್ತೆಕಾರಕದಲ್ಲಿ ಹಿನ್ನೆಲೆಯ ಗದ್ದಲ ತೀರ ಕಡಿಮೆ ಇದ್ದದ್ದೇ ಕಾರಣ. ವೆಬ್‌ಗೆ ಖರ್ಚಾದ ಹಣದಲ್ಲಿ ಇಂಥ ನಾನ್ನೂರಕ್ಕೂ ಹೆಚ್ಚು ಉಪಗ್ರಹಗಳನ್ನು ಕಟ್ಟಬಹುದಿತ್ತು ಎಂದು ಲೆಕ್ಕ ಹಾಕುವುದು ಸುಲಭ. ಆದರೆ ನಾನ್ನೂರು ಆಸ್ಟ್ರೋಸ್ಯಾಟ್‌ಗಳು ಸೇರಿದರೂ 30 ಕೋಟಿ ವರ್ಷದ ಆ ಎಳೆಯ ವಿಶ್ವವನ್ನು ಕಾಣಲಾರವು. ಕನ್ನಡಿಯ ಅಗಲಕ್ಕೆ, ಚಳಿಗೆ ಬದಲಿ ಇಲ್ಲ.

ಬಡವರಿರುವ ದೇಶಕ್ಕೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದನ್ನು ಸಾರ್ವಜನಿಕ ಹಣದ ಪ್ರತಿ ಬಾಬಿಗೂ ಕೇಳಬೇಕು. ವಿಜ್ಞಾನಕ್ಕೆ ಮಾತ್ರ ಕೇಳಿ ಸುಮ್ಮನಾದರೆ ಬಡವರ ಹೊಟ್ಟೆ ತುಂಬುವುದಿಲ್ಲ.

ನೆಲದ ಪಕ್ಷವೂ ಈಗ ಮೊದಲಿನಷ್ಟು ನಿಶ್ಚಿಂತವಾಗಿಲ್ಲ. ಊರುಗಳ ದೀಪ ವೀಕ್ಷಣಾಲಯಗಳ ರಾತ್ರಿಯನ್ನು ತಿನ್ನುತ್ತಿದೆ. 2019ರ ಮೇ ತಿಂಗಳಿಂದ ಸ್ಟಾರ್‌ಲಿಂಕ್ ಉಪಗ್ರಹಗಳು ಸಾವಿರಾರು ಸಂಖ್ಯೆಯಲ್ಲಿ ಏರಿವೆ. ಅವುಗಳ ಗೆರೆಗಳು ರೂಬಿನ್‌ನಂಥ ವಿಶಾಲ ಕಣ್ಣಿಗೆ ದೊಡ್ಡ ಕಾಟ. ಕೆಳಗಿನ ಕಕ್ಷೆಯಲ್ಲಿರುವ ಹಬಲ್ ಕೂಡ ಪಾರಾಗಿಲ್ಲ. 2002ರಿಂದ 2021ರವರೆಗಿನ ಅದರ ಚಿತ್ರಗಳಲ್ಲಿ ಶೇ 2.7ರಷ್ಟಕ್ಕೆ ಇಂಥ ಗೆರೆ ಬಿದ್ದಿತ್ತು. ಭಾರತ ಪಾಲುದಾರನಾಗಿರುವ 30 ಮೀಟರ್ ದೂರದರ್ಶಕಕ್ಕೆ ಹವಾಯಿಯ ಮೌನಾ ಕೇಯಾ ಶಿಖರವನ್ನು ಆರಿಸಿದಾಗ, ಆ ಪರ್ವತವನ್ನು ಪವಿತ್ರವೆಂದು ಕಾಣುವ ಮೂಲನಿವಾಸಿಗಳು 2015ರಲ್ಲೂ 2019ರಲ್ಲೂ ದಾರಿಗೆ ಅಡ್ಡ ಕೂತರು. ಅವರ ಮಾತಿಗೆ ಬೆಲೆ ಕೊಡಲೇಬೇಕು ಎಂಬುದು ನನ್ನ ನಿಲುವು. ಒಳ್ಳೆಯ ಆಕಾಶವಿರುವ ಬೆಟ್ಟಗಳು ಕೆಲವೇ. ಅವು ಖಾಲಿ ಜಾಗಗಳೂ ಅಲ್ಲ.

ಇನ್ನು ತೆಪ್ಪದವರ ಮುಂದಿನ ಯೋಜನೆ ಏನು ಗೊತ್ತೇ? ಚಂದ್ರನ ಕಕ್ಷೆ. ಭೂಮಿಯ ರೇಡಿಯೊ ಗದ್ದಲವೆಲ್ಲ ಚಂದ್ರನ ಆಚೆ ಬದಿಯಲ್ಲಿ ಮರೆಯಾಗುತ್ತದೆ. ಅಲ್ಲಿಂದ ಅದೇ ಜಲಜನಕದ ಗುರುತನ್ನು ಅರಸಲು ರಾಮನ್ ಸಂಸ್ಥೆ ‘ಪ್ರತ್ಯುಷ್’ ಎಂಬ ಯೋಜನೆ ಮುಂದಿಟ್ಟಿದೆ. ಕೆರೆಯಲ್ಲಿ ಮಾಡಬಹುದಾದದ್ದನ್ನು ಕೆರೆಯಲ್ಲಿ ಮಾಡಿ, ಅಲ್ಲಿ ಕಲಿತದ್ದನ್ನು ಹಿಡಿದುಕೊಂಡು ಮೇಲೆ ಹೋಗುವ ಈ ಕ್ರಮ ನನಗೆ ತುಂಬ ಹಿಡಿಸಿದೆ. ಅಮೆರಿಕದವರೂ ಈ ಪಾಠ ಕಲಿತಂತಿದೆ. ಜೀವಯೋಗ್ಯ ಗ್ರಹಗಳನ್ನು ಹುಡುಕಲು 2040ರ ದಶಕಕ್ಕೆಂದು ಸುಮಾರು 1,100 ಕೋಟಿ ಡಾಲರಿನ ದೂರದರ್ಶಕವನ್ನು ಶಿಫಾರಸು ಮಾಡಿದ 2021ರ ವರದಿ, ತಂತ್ರಜ್ಞಾನವನ್ನು ಮೊದಲು ಪಳಗಿಸಿ ಆಮೇಲೆ ಕಟ್ಟಲು ತೊಡಗಬೇಕೆಂದು ಸ್ಪಷ್ಟವಾಗಿ ಹೇಳಿದೆ.

ನನ್ನ ತೀರ್ಪು ಇಷ್ಟು. ವೆಬ್ ಕಟ್ಟಿದ್ದು ಸರಿ. ಕಟ್ಟಿದ ರೀತಿ ಸರಿಯಲ್ಲ. ನೆಲಕ್ಕೆ ತಲುಪದ ಬೆಳಕಿಗೆ ಮಾತ್ರ ಆಕಾಶದ ಹಣ ಹೋಗಬೇಕು, ಉಳಿದದ್ದು ಬೆಟ್ಟಕ್ಕೂ ಕೆರೆಗೂ ಸಲ್ಲಬೇಕು. ಭಾರತಕ್ಕೆ ವೆಬ್‌ನ ಹಾದಿ ಬೇಡ, ಆದರೆ ಆಸ್ಟ್ರೋಸ್ಯಾಟ್‌ನ ನಂತರದ ಹೆಜ್ಜೆ ಬೇಕೇ ಬೇಕು. ಭಾರತೀಯ ಖಭೌತವಿಜ್ಞಾನ ಸಂಸ್ಥೆ ಸುಮಾರು ಒಂದು ಮೀಟರ್ ಕನ್ನಡಿಯ ‘ಇನ್‌ಸಿಸ್ಟ್’ ಎಂಬ ಅತಿನೇರಳೆ ದೂರದರ್ಶಕದ ಪ್ರಸ್ತಾವವನ್ನು ಮುಂದಿಟ್ಟಿದೆ. ಹಬಲ್ 2024ರ ಜೂನ್‌ನಿಂದ ಒಂದೇ ಗೈರೊಸ್ಕೋಪಿನ ಮೇಲೆ ನಡೆಯುತ್ತಿದೆ. ಅದು ನಿಂತ ದಿನ ಅತಿನೇರಳೆ ಆಕಾಶದ ಸೂಕ್ಷ್ಮ ಚಿತ್ರಗಳಿಗೆ ಬಹುಕಾಲ ತೆರವು ಬೀಳುತ್ತದೆ. ಆ ತೆರವನ್ನು ತುಂಬುವ ಅನುಭವ ಹೊಸಕೋಟೆಯಲ್ಲಿದೆ. ಹಾನ್ಲೆಯ ಹಣ ಕಡಿಯದೆಯೇ ಅದನ್ನು ಬಳಸಿಕೊಳ್ಳಲು ಸರ್ಕಾರ ಈ ದಶಕದೊಳಗೆ ಮನಸ್ಸು ಮಾಡಬೇಕು.

ಕಾಲೇಜಿನ ಭೌತವಿಜ್ಞಾನದ ಮೇಷ್ಟ್ರುಗಳಿಗೂ ವಿದ್ಯಾರ್ಥಿಗಳಿಗೂ ಒಂದು ಮಾತು. ವೆಬ್‌ನ ಪ್ರತಿಯೊಂದು ವೀಕ್ಷಣೆಯೂ ಹೆಚ್ಚೆಂದರೆ ಒಂದು ವರ್ಷದೊಳಗೆ ಎಲ್ಲರಿಗೂ ಮುಕ್ತವಾಗುತ್ತದೆ, ಬಿಡಿಗಾಸಿಲ್ಲದೆ. ಆಸ್ಟ್ರೋಸ್ಯಾಟ್‌ನ ದತ್ತಾಂಶ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೊ ಕೇಂದ್ರದ ಭಂಡಾರದಲ್ಲಿದೆ. ಹೆಸರು ನೋಂದಾಯಿಸಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದು ಕಂಪ್ಯೂಟರು, ಒಂದು ಇಂಟರ್ನೆಟ್ ಸಂಪರ್ಕ ಇದ್ದರೆ ಸಾಕು. ಈ ಸಲದ ಪ್ರಾಜೆಕ್ಟಿಗೆ ಅದನ್ನೇ ತೆಗೆದುಕೊಳ್ಳಿ.